ಫೋನಿನ ವಾಯ್ಸ್ ರೆಕಾರ್ಡರ್ ಇರುವಾಗ ಹಾಡು ಕಟ್ಟೋಕೆ ಮಲ್ಟಿಟ್ರ್ಯಾಕ್ ರೆಕಾರ್ಡರ್ ಯಾಕೆ?

ಆಗಲೇ ನುಡಿಸಿದ್ದರ ಮೇಲೆ ನೀವೇ ಮತ್ತೆ ನುಡಿಸಬಹುದು, ಅದಕ್ಕೆ. ವಾಯ್ಸ್ ರೆಕಾರ್ಡರ್ ಗಿಟಾರ್, ದನಿ ಎರಡನ್ನೂ ಒಟ್ಟಿಗೆ ಕಲಸಿಬಿಡುತ್ತದೆ. ಮಲ್ಟಿಟ್ರ್ಯಾಕ್‌ನಲ್ಲಿ ಒಂದೊಂದಕ್ಕೂ ಬೇರೆ ಟ್ರ್ಯಾಕ್, ಅಂದರೆ ಬೇರೆ ಪಟ್ಟಿ. ಮೊದಲನೆಯದರಲ್ಲಿ ಗಿಟಾರಿನ ಜಿ, ಸಿ, ಡಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಹಿಡಿದು ನುಡಿಸಿ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಎರಡನೆಯದರಲ್ಲಿ ಹಾಡಿ. ದನಿ ತಪ್ಪಿದರೆ ಅದನ್ನಷ್ಟೇ ಮತ್ತೆ ಹಾಡಿದರಾಯಿತು, ಗಿಟಾರ್ ಹಾಗೇ ಇರುತ್ತದೆ. ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಸ್ಪೀಕರ್ ಹಾಕಿಕೊಂಡರೆ ಗಿಟಾರಿನ ಸದ್ದು ಮೈಕಿಗೆ ನುಗ್ಗಿ ದನಿಯ ಟ್ರ್ಯಾಕೂ ಕೆಡುತ್ತದೆ.

1979ರ ಪೋರ್ಟಾಸ್ಟುಡಿಯೋ ಎಂಬ ಮಲ್ಟಿಟ್ರ್ಯಾಕ್ ರೆಕಾರ್ಡರ್ ಇದನ್ನು ಮಾಮೂಲಿ ಕ್ಯಾಸೆಟ್‌ನಲ್ಲೇ ಮಾಡಿ ತೋರಿಸಿತು. ಟೇಪಿನ ಎರಡೂ ಬದಿಯ ಎರಡೆರಡು ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ಓಡಿಸಿ ನಾಲ್ಕು ಟ್ರ್ಯಾಕ್ ಮಾಡಿಕೊಂಡಿತು. ಎಂಥ ಚೆಂದದ ಯೋಚನೆ, ಅಲ್ವಾ!