ರೆಟಿನಾ ಮೇಲೆ ನೇರ ಚಿತ್ರ ಬೀಳಿಸುವ ಸ್ಮಾರ್ಟ್ ಕನ್ನಡಕದಲ್ಲಿ, ದೃಷ್ಟಿದೋಷ ಇದ್ದವರಿಗೂ ಚಿತ್ರ ಸ್ಪಷ್ಟವಾಗಿ ಕಾಣುವುದು ಹೇಗೆ?

ಅದರ ಬೆಳಕಿನ ಎಳೆಗಳು ತುಂಬಾ ಸಪೂರ, ಅದಕ್ಕೇ. ಚಿತ್ರದ ಪ್ರತಿ ಚುಕ್ಕೆಗೂ ಒಂದೊಂದು ಎಳೆ. ಎಲ್ಲವೂ ಕಣ್ಣಿನ ಪಾಪೆಯ ನಡುವೆ ಒಂದೆಡೆ ಸೇರಿ, ಒಳಗೆ ಹರಡಿ, ಹಿಂಬದಿಯ ಪರದೆಯಾದ ರೆಟಿನಾ ಮೇಲೆ ಚಿತ್ರ ಮೂಡಿಸುತ್ತವೆ. ಬೆಳಕು ಅಗಲವಾಗಿ ಬಂದರೆ ಕಣ್ಣಿನ ಮಸೂರ ಅದನ್ನು ಚುಕ್ಕೆಗೆ ಕೂಡಿಸಲೇಬೇಕು, ತಪ್ಪಿದರೆ ಮಸುಕು. ಎಳೆಯೇ ಸಪೂರ ಇದ್ದರೆ ಮಸುಕೂ ಕಡಿಮೆ ಅಲ್ವಾ?

ನಮ್ಮ ತೀರ್ಥಹಳ್ಳಿ ಕಡೆಯ ಹಂಚಿನ ಮನೆಗಳಲ್ಲಿ, ಮಾಡಿನ ಸಣ್ಣ ಸಂದಿಯಿಂದ ಬಿಸಿಲು ಬಿದ್ದು ನೆಲದ ಮೇಲೆ ಸೂರ್ಯನ ದುಂಡು ಬಿಂಬ ಮೂಡುತ್ತದೆ. ಅಲ್ಲಿ ಮಸೂರವೇ ಇಲ್ಲ, ಸುಮ್ನೆ ಒಂದು ತೂತು. ಎಷ್ಟು ಚೆಂದ!

ತೊಡಕೂ ಇದೆ. ಪಾಪೆ ಬರೀ 2ರಿಂದ 8 ಮಿಲಿಮೀಟರ್ ಅಗಲ. ಕಣ್ಣು ಸ್ವಲ್ಪ ಜಾಸ್ತಿ ಹೊರಳಿದರೆ ಎಳೆಗಳು ಪಾಪೆ ತಪ್ಪಿ ಚಿತ್ರವೇ ಮಾಯ. ಅದಕ್ಕೇ ಕೆಲವು ವಿನ್ಯಾಸಗಳಲ್ಲಿ ಎಳೆಗಳು ಸೇರುವ ಬಿಂದುಗಳು ಹಲವು ಇರುತ್ತವೆ.