ದೋಣಿ ನಾನೇ ಕಟ್ಟಬಹುದಾ?

ಪ್ರಶ್ನೆ: ಸರ್, ನಮ್ಮ ಮನೆ ಬಾರ್ಕೂರಿನ ಹತ್ತಿರ, ಸೀತಾ ನದಿಯ ದಂಡೆಯಲ್ಲಿದೆ. ಅಜ್ಜನ ಹತ್ತಿರ ಮಾವಿನ ಮರ ತೋಡಿ ಮಾಡಿದ ದೋಣಿ ಇತ್ತಂತೆ, ನಾನು ನೋಡಿಲ್ಲ. ನನಗೂ ಒಂದು ಸಣ್ಣ ಮರದ ದೋಣಿ ಬೇಕು, ಅದನ್ನು ನಾನೇ ಕಟ್ಟಬೇಕು ಅಂತ ಆಸೆ. ಮರಗೆಲಸದಲ್ಲಿ ಒಂದು ಬೆಂಚು, ಒಂದು ಕಪಾಟು ಮಾಡಿದ್ದೇನೆ ಅಷ್ಟೇ. ಮನೆಯಲ್ಲಿ "ಫೈಬರ್ ದೋಣಿ ರೆಡಿ ಸಿಗುತ್ತದಲ್ಲ, ಸುಮ್ನೆ ಯಾಕೆ ಕಷ್ಟ" ಅನ್ನುತ್ತಾರೆ. ನನ್ನಿಂದ ಆಗುತ್ತದಾ?

ಉತ್ತರ: ಆಗುತ್ತದೆ. ಕಪಾಟಿನ ಬಾಗಿಲು ಸರಿಯಾಗಿ ಕೂರಿಸಿದವರಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಆದರೆ ಮೊದಲ ದೋಣಿಗೆ ಅಜ್ಜನ ದಾರಿ ಬೇಡ. ಅಷ್ಟು ದಪ್ಪದ, ನೇರವಾದ ಮಾವಿನ ಮರ ಈಗ ಸಿಗುವುದೇ ಕಷ್ಟ. ಸಿಕ್ಕರೂ ಬಾಚಿ ಹಿಡಿದು ಒಳಗೆ ತೋಡುತ್ತಾ ಎರಡೂ ಬದಿ ಒಂದೇ ದಪ್ಪಕ್ಕೆ ತರುವುದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ಒಂದು ಏಟು ಜಾಸ್ತಿ ಬಿದ್ದರೆ ಇಡೀ ಮರ ಹೋಯಿತು. ಹೆಬ್ಬಲಸಿನ ಹಲಗೆ ತುಂಬಾ ಒಳ್ಳೆಯದು, ನೀರಿಗೆ ಬಾಳುತ್ತದೆ. ಆದರೆ ಮರ ಕಡಿಸುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ನೀವು ಪ್ಲೈವುಡ್ಡಿನಲ್ಲಿ ಹೊಲಿದು ಅಂಟಿಸುವ ದೋಣಿ ಮಾಡಿ. ನಕ್ಷೆಯ ಪ್ರಕಾರ ತುಂಡು ಕತ್ತರಿಸಿ, ಅಂಚಿನಲ್ಲಿ ಸುಮಾರು ಒಂದು ಗೇಣಿಗೊಂದು ತೂತು ಕೊರೆದು, ತಾಮ್ರದ ತಂತಿಯಿಂದ ಬಿಗಿದರೆ ಚಪ್ಪಟೆ ಹಲಗೆಗಳು ತಾವೇ ಬಾಗಿ ದೋಣಿಯ ಆಕಾರಕ್ಕೆ ಬರುತ್ತವೆ, ಆ ಗಳಿಗೆಯಲ್ಲಿ ನೀವು ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡದೆ ಇರಲಾರಿರಿ. ಒಳಗಿನ ಸಂದಿಗೆ ಮರದ ಹುಡಿ ಬೆರೆಸಿದ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿ, ಗಟ್ಟಿಯಾದ ಮೇಲೆ ತಂತಿ ತೆಗೆದು, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸಬೇಕು. ಇದು ಪರದೇಶದ ಹೊಸ ಚಮತ್ಕಾರ ಅಂತ ಅಂದುಕೊಳ್ಳಬೇಡಿ. ನಮ್ಮ ಕರಾವಳಿಯಲ್ಲಿ ಮೊಳೆ ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದೇ ದೋಣಿ ಕಟ್ಟುತ್ತಿದ್ದರು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಹಡಗನ್ನೂ ಹಾಗೆಯೇ ಹೊಲಿದು ಕಟ್ಟಿದ್ದಾರೆ.

ಪ್ಲೈ ಮೇಲೆ ಐಎಸ್ 710 ಗುರುತು ಇರಲೇಬೇಕು. ಅದು ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ, 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಗುರುತು ನೋಡಿ ಸುಮ್ಮನಾಗಬೇಡಿ, ಒಂದು ತುಂಡನ್ನು ಮನೆಯಲ್ಲೇ ಕೆಲವು ಗಂಟೆ ಕುದಿಸಿ ನೋಡಿ. ಇಬ್ಬರು ಕೂರುವ 12 ಅಡಿಯ ದೋಣಿಗೆ 6 ಮಿಲಿಮೀಟರ್ ದಪ್ಪ ಸಾಕು. ಹಾಳೆ ಬರುವುದು 8 ಅಡಿ ಉದ್ದ, ಹಾಗಾಗಿ ಜೋಡಿಸಲೇಬೇಕು. ಎರಡೂ ತುದಿಯನ್ನು ದಪ್ಪದ 8 ಪಟ್ಟು, ಅಂದರೆ ಹತ್ತಿರ ಹತ್ತಿರ 5 ಸೆಂಟಿಮೀಟರ್, ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಅಂಟಿಸಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಮಳೆ ಪೂರ್ತಿ ನಿಂತು ಗಾಳಿ ಒಣಗಲಿ. ಎಪಾಕ್ಸಿಯನ್ನು ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಜಾಸ್ತಿ ಕಲಸಿದರೆ ಡಬ್ಬಿಯಲ್ಲೇ ಬಿಸಿಯಾಗಿ ಕಲ್ಲಾಗುತ್ತದೆ. ತೇವ ಇದ್ದ ದಿನ ಮೇಲೆ ಜಿಡ್ಡಿನ ಪೊರೆ ಕಟ್ಟಿದರೆ ನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಮುಂದಿನ ಕೋಟ್ ಹಾಕಿ. ಕೈಗವಸು, ಉಜ್ಜುವಾಗ ಮಾಸ್ಕ್, ಎರಡೂ ಬೇಕು. ಕೊನೆಗೆ ಪೇಂಟ್ ಬಿಡಬೇಡಿ, ಬರೀ ಎಪಾಕ್ಸಿ ನಮ್ಮ ಬಿಸಿಲಿಗೆ ತಡೆಯುವುದಿಲ್ಲ.

ಮನೆಯವರ ಮಾತಿಗೆ ಬರೋಣ. ಫೈಬರ್ ದೋಣಿ ಕೆಟ್ಟದ್ದಲ್ಲ, ದಿನಾ ಮೀನಿಗೆ ಹೋಗುವವರು ಅದನ್ನು ಸುಮ್ಮನೆ ಕೊಳ್ಳುವುದಿಲ್ಲ. ಆದರೆ ನೀವೇ ಕಟ್ಟಿದ ದೋಣಿಯಲ್ಲಿ ಯಾವ ಸಂದಿ ಎಲ್ಲಿದೆ, ಎಲ್ಲಿ ಕೈ ಸ್ವಲ್ಪ ಅಲುಗಿತ್ತು, ಎಲ್ಲವೂ ನಿಮಗೆ ಗೊತ್ತಿರುತ್ತದೆ. ನಾಳೆ ಬಂಡೆಗೆ ತಾಗಿ ಸೀಳಿದರೆ ಯಾರನ್ನೂ ಕಾಯದೆ ನೀವೇ ರಿಪೇರಿ ಮಾಡುತ್ತೀರಿ. ದೋಣಿ ನನ್ನದು ಅನ್ನುವ ಹೆಮ್ಮೆ ನನ್ನ ಮಟ್ಟಿಗೆ ಇದೇ, ಹಣ ಕೊಟ್ಟ ರಸೀದಿಯಿಂದ ಅದು ಬರುವುದಿಲ್ಲ. ಆ ಹೆಮ್ಮೆಯಲ್ಲಿ ನದಿ ಸಮುದ್ರ ಸೇರುವ ಅಳಿವೆಯ ಕಡೆ ಮಾತ್ರ ಹೋಗಬೇಡಿ, ಇಳಿತದ ಸೆಳೆತಕ್ಕೆ ಸಣ್ಣ ದೋಣಿ ನಿಲ್ಲುವುದಿಲ್ಲ. ಲೈಫ್ ಜಾಕೆಟ್ ಹಾಕಿಯೇ ಹತ್ತಿ. ಮೀನು ಹಿಡಿಯಲು ಬಳಸುವುದಾದರೆ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಬಗ್ಗೆ ಕೇಳಿ.

ಪ್ರಶ್ನೆ: ನಮ್ಮದು ಹೊನ್ನಾವರ. ಅಪ್ಪ ರಿಟೈರ್ ಆದ ಮೇಲೆ ಹಲಗೆ ಜೋಡಿಸಿ ಒಂದು ದೋಣಿ ಕಟ್ಟಿದರು. ತುಂಬಾ ಚೆಂದ ಇದೆ. ಆದರೆ ಗೀರು ಬೀಳುತ್ತದೆ ಅಂತ ನೀರಿಗೇ ಇಳಿಸುತ್ತಿಲ್ಲ, ನಮಗೆ ಮುಟ್ಟಲೂ ಬಿಡುವುದಿಲ್ಲ. ಎರಡು ಬೇಸಿಗೆ ಶೆಡ್ಡಿನಲ್ಲೇ ಕಳೆಯಿತು. ಏನು ಹೇಳಲಿ?

ಉತ್ತರ: ಅಷ್ಟು ಶ್ರಮ ಹಾಕಿದವರಿಗೆ ಹಾಗೆ ಅನಿಸುವುದು ಸಹಜ ಅಲ್ವಾ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಹಲಗೆಯ ದೋಣಿ ಒಣಗಿದಷ್ಟೂ ಹಲಗೆ ಕುಗ್ಗಿ ಸಂದಿ ಬಾಯಿ ಬಿಡುತ್ತದೆ. ಇದನ್ನು ಅವರಿಗೆ ತೋರಿಸಿ, ಟಾರ್ಚ್ ಹಿಡಿದರೆ ಬೆಳಕು ಆಚೆ ಕಾಣುತ್ತಿರಬಹುದು. ದೋಣಿಯನ್ನು ಉಳಿಸಲಿಕ್ಕಾದರೂ ನೀರಿಗೆ ಇಳಿಸಬೇಕು. ಮೊದಲು ಹೊರಗೂ ಒಳಗೂ ಎಣ್ಣೆ ಹಚ್ಚಿ. ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕಡೆ ಹಿಂದಿನಿಂದಲೂ ಬಳಕೆಯಲ್ಲಿದೆ, ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಆ ಕೆಲಸಕ್ಕೆ ನೀವೂ ಅಪ್ಪನ ಜೊತೆ ಕೂತುಕೊಳ್ಳಿ, "ಕಲಿಸಿ" ಅಂತ ಕೇಳಿ. ಮುಟ್ಟಬೇಡ ಅಂದವರೇ ಕಲಿಸಲು ಶುರು ಮಾಡುತ್ತಾರೆ. ಆಮೇಲೆ ಶರಾವತಿಯ ದಂಡೆಯಲ್ಲಿ ಆಳವಿಲ್ಲದ ಕಡೆ, ಹಗ್ಗ ಕಟ್ಟಿ, ಒಂದೆರಡು ದಿನ ಹಾಗೇ ಬಿಡಿ. ಮೊದಲ ದಿನ ನೀರು ಚೆನ್ನಾಗಿಯೇ ನುಗ್ಗುತ್ತದೆ, ಅಪ್ಪ ಗಾಬರಿಯಾಗದಂತೆ ಇದನ್ನು ಮುಂಚೆಯೇ ಹೇಳಿಡಿ. ಹಲಗೆ ಉಬ್ಬಿ ಸಂದಿ ಮುಚ್ಚಿಕೊಂಡ ಮೇಲೆ ನೀರು ಮೊಗೆದು ತೆಗೆದು, ಮೊದಲು ಅವರನ್ನೇ ಕೂರಿಸಿ.