ಆಸ್ಪತ್ರೆಯ ಬಗ್ಗೆ ವಿಶ್ವಕೋಶದಲ್ಲಿ ಏನು ಇಡಬೇಕು, ಏನು ಬಿಡಬೇಕು?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಇಲ್ಲಿನ ಹಳೆಯ ಆಸ್ಪತ್ರೆಯಲ್ಲಿ ಅಪ್ಪ ಕಂಪೌಂಡರ್ ಆಗಿದ್ದರು. ಆ ಆಸ್ಪತ್ರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆದೆ. ಡಾಕ್ಟರುಗಳ ಹೆಸರು, ಓಪಿಡಿ ಸಮಯ, ಫೋನ್ ನಂಬರ್, ಅಪ್ಪ ಹೇಳಿದ ಹಳೆಯ ಸಂಗತಿಗಳು, ಎಲ್ಲ ಹಾಕಿದ್ದೆ. ಮೂರೇ ದಿನಕ್ಕೆ ಯಾರೋ ಅರ್ಧಕ್ಕರ್ಧ ತೆಗೆದುಹಾಕಿದರು. ಆದರೆ ಹಿಂದೊಮ್ಮೆ ಒಬ್ಬ ಬಾಣಂತಿ ತೀರಿಕೊಂಡಾಗ ನಡೆದ ಗಲಾಟೆಯ ಬಗ್ಗೆ ಬೇರೆಯವರು ಸೇರಿಸಿದ ನಾಲ್ಕು ಪ್ಯಾರಾ ಹಾಗೇ ಇದೆ. ಇದು ಯಾವ ನ್ಯಾಯ?

ಉತ್ತರ: ನಿಮಗೆ ಬೇಸರ ತಂದ ವಿಷಯಕ್ಕೇ ಮೊದಲು ಬರುತ್ತೇನೆ. ಫೋನ್ ನಂಬರು, ಓಪಿಡಿ ಸಮಯ ತೆಗೆದವರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಆಷಾಢದ ಮಳೆ, ಕರೆಂಟ್ ಇಲ್ಲ, ಮಗುವಿಗೆ ಜ್ವರ ಏರುತ್ತಿದೆ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು ಒಬ್ಬ ತಾಯಿ ಆಸ್ಪತ್ರೆಯ ನಂಬರ್ ಹುಡುಕುತ್ತಿದ್ದಾಳೆ ಅಂದುಕೊಳ್ಳಿ. ನೀವು ಬರೆದ ನಂಬರು ಮೂರು ವರ್ಷ ಹಳೆಯದಾಗಿದ್ದರೆ ಆಕೆಯ ಹತ್ತು ನಿಮಿಷ ಹೋಯಿತು. ವಿಶ್ವಕೋಶದಲ್ಲಿ ಇಂಥ ನಂಬರುಗಳನ್ನು ದಿನಾ ಕೂತು ತಿದ್ದುವವರು ಯಾರೂ ಇಲ್ಲ. ಈ ದಿನಕ್ಕೆ ಬೇಕಾದ ಮಾಹಿತಿ ಆಸ್ಪತ್ರೆಯ ಬೋರ್ಡಿನಲ್ಲಿ, ಅವರದೇ ಜಾಲತಾಣದಲ್ಲಿ ಇರಲಿ. ಲೇಖನದಲ್ಲಿ ಆ ಜಾಲತಾಣದ ಕೊಂಡಿ ಕೊಟ್ಟರೆ ಸಾಕು.

ಡಾಕ್ಟರುಗಳ ಪಟ್ಟಿಯೂ ಹಾಗೆಯೇ. ಸರ್ಕಾರಿ ಆಸ್ಪತ್ರೆ ಅಂದಮೇಲೆ ವರ್ಗಾವಣೆ ಇದ್ದೇ ಇದೆ. ಇವತ್ತಿನ ಹೆಸರು ಬರುವ ವರ್ಷಕ್ಕೆ ಸುಳ್ಳಾಗುತ್ತದೆ. ಆಸ್ಪತ್ರೆ ಕಟ್ಟಲು ಓಡಾಡಿದವರ ಬಗ್ಗೆಯೋ, ಒಂದು ವಿಭಾಗವನ್ನೇ ಹೊಸದಾಗಿ ತಂದ ವೈದ್ಯರ ಬಗ್ಗೆಯೋ ಬೇರೆಯವರು ಬರೆದು ಪ್ರಕಟಿಸಿದ್ದರೆ ಆ ಹೆಸರು ಖಂಡಿತ ಇರಲಿ.

ಹಾಗಾದರೆ ಉಳಿಯುವುದೇನು ಅಂತ ಕೇಳುತ್ತೀರಿ. ಜಾಸ್ತಿಯೇ ಉಳಿಯುತ್ತದೆ. ಆಸ್ಪತ್ರೆ ಯಾವಾಗ ಶುರುವಾಯಿತು, ಯಾರು ಶುರು ಮಾಡಿದರು, ಯಾಕೆ ಇದೇ ಊರಿನಲ್ಲಿ, ಈಗ ಯಾರು ನಡೆಸುತ್ತಾರೆ, ಎಲ್ಲಿಂದೆಲ್ಲ ಜನ ಬರುತ್ತಾರೆ. ಕೊನೆಯದನ್ನು ಜನ ಬರೆಯುವುದೇ ಇಲ್ಲ, ಮಲೆನಾಡಿನ ಮಟ್ಟಿಗೆ ಅದೇ ದೊಡ್ಡ ಸಂಗತಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ನೇರ ದಾರಿಯಲ್ಲಿ ಸಾಗರಕ್ಕೆ ಬರಬೇಕೆಂದರೆ ಲಾಂಚ್ ಹಿಡಿಯಬೇಕಿತ್ತು. ಲಾಂಚಿಗೆ ಹೊತ್ತು ಗೊತ್ತು ಇರುತ್ತದೆ, ಹೆರಿಗೆ ನೋವಿಗೆ ಇರುವುದಿಲ್ಲ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಭಾಗದ ಆಸ್ಪತ್ರೆಯ ಲೇಖನದಲ್ಲಿ ಈ ವಿಷಯ ಇಲ್ಲದಿದ್ದರೆ ಆ ಆಸ್ಪತ್ರೆ ಏನೆಂದು ಓದುಗರಿಗೆ ಅರ್ಥವೇ ಆಗುವುದಿಲ್ಲ, ಅಲ್ವಾ? ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವ ಊರುಗಳ ಕಥೆಯೂ ಅಷ್ಟೇ. ಇದನ್ನು ನಿಮ್ಮ ಅನುಭವದಿಂದ ಬರೆಯುವ ಹಾಗಿಲ್ಲ, ಪತ್ರಿಕೆಯ ವರದಿಯೋ ಸರ್ಕಾರದ ದಾಖಲೆಯೋ ಹುಡುಕಿ ಉಲ್ಲೇಖ ಕೊಡಬೇಕು. ಹುಡುಕಿದರೆ ಸಿಗುತ್ತವೆ.

ಹಾಸಿಗೆಗಳ ಸಂಖ್ಯೆ ಬರೆಯುವಾಗ ಎರಡು ಸಲ ಯೋಚಿಸಿ. ಮಂಜೂರಾದ ಹಾಸಿಗೆ ಬೇರೆ, ವಾರ್ಡಿನಲ್ಲಿ ನಿಜವಾಗಿ ಹಾಕಿರುವ ಮಂಚ ಬೇರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಾಮಾನ್ಯವಾಗಿ 6 ಹಾಸಿಗೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ 30, ತಾಲ್ಲೂಕು ಆಸ್ಪತ್ರೆಗೆ 100 ಎನ್ನುವ ಲೆಕ್ಕ ಇದೆ. ಕಟ್ಟಡ ಮೇಲ್ದರ್ಜೆಗೇರಿದರೂ ಸಿಬ್ಬಂದಿ ಹಳೆಯ ಲೆಕ್ಕದಲ್ಲೇ ಇರುವುದುಂಟು. ಅದಕ್ಕೇ ಯಾವ ವರ್ಷದ ಸಂಖ್ಯೆ, ಮಂಜೂರಾದದ್ದೋ ಬಳಕೆಯಲ್ಲಿರುವುದೋ ಎರಡನ್ನೂ ಹೇಳಿಬಿಡಿ. ವರ್ಷ ಇಲ್ಲದ ಅಂಕಿ ಬರೆಯದಿದ್ದರೂ ನಡೆಯುತ್ತದೆ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಜನ ಏನೆಂದು ಕರೆಯುತ್ತಾರೋ ಅದು ತಲೆಬರಹ, ಸರ್ಕಾರಿ ಹೆಸರು ಮೊದಲ ಸಾಲಿನಲ್ಲಿ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೇ ನೋಡಿ. ಆಟೋದವರಿಗೆ ‘ಸಿಮ್ಸ್ ಬೋಧನಾ ಆಸ್ಪತ್ರೆ’ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ, ‘ಮೆಗ್ಗಾನ್’ ಅಂದರೆ ಸಾಕು. ಇನ್ನೊಂದು, ಶಿವಮೊಗ್ಗ ಎನ್ನುವುದು ಇಂಗ್ಲಿಷಿನಲ್ಲೂ ಅಧಿಕೃತವಾಗಿದ್ದು 2014ರ ನವೆಂಬರ್ 1ರಿಂದ. ಹಳೆಯ ಇಂಗ್ಲಿಷ್ ದಾಖಲೆ ಹುಡುಕುವಾಗ ‘ಶಿಮೊಗ’ (Shimoga) ಅಂತಲೂ ಹಾಕಿ ಹುಡುಕಿ.

ಈಗ ಶುರುವಾದ ವರ್ಷದ ಬಗ್ಗೆ. ಇಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಲೇಬೇಕು. ಒಂದು ಊರಿನ ಆಸ್ಪತ್ರೆಯ ಜಗಲಿಯಲ್ಲಿ, ಕಂಬದ ಪಕ್ಕ ಒಂದು ಕಲ್ಲು ಇತ್ತು. ವರ್ಷ ವರ್ಷ ಸುಣ್ಣ ಬಳಿದು ಅಕ್ಷರಗಳು ಮುಚ್ಚಿಹೋಗಿದ್ದವು. ಬೆರಳಿನಿಂದ ತಡವಿ, ಉಗುರಿನಿಂದ ಸುಣ್ಣ ಕೆರೆದು, ಇಸವಿ ಓದಿಕೊಂಡು ಬಂದೆ. ಅದನ್ನೇ ಆಸ್ಪತ್ರೆ ಶುರುವಾದ ವರ್ಷ ಅಂತ ಬರೆದೆ. ಆಮೇಲೆ ಒಂದು ಪತ್ರಿಕೆಯವರು ನನ್ನ ಲೇಖನ ನೋಡಿ ಅದೇ ವರ್ಷ ಹಾಕಿದರು. ಮರುವರ್ಷ ಇನ್ಯಾರೋ ಆ ಪತ್ರಿಕೆಯನ್ನೇ ನನ್ನ ಲೇಖನಕ್ಕೆ ಉಲ್ಲೇಖವಾಗಿ ಕೊಟ್ಟರು. ನನ್ನ ತಪ್ಪು ಊರೆಲ್ಲ ಸುತ್ತಿ, ಸಾಕ್ಷಿಯ ವೇಷ ಹಾಕಿಕೊಂಡು ನನ್ನ ಮನೆಗೇ ಬಂದಿತ್ತು. ಆ ಕಲ್ಲು ಹೊಸ ವಾರ್ಡಿನ ಶಂಕುಸ್ಥಾಪನೆಯದ್ದು. ಡಿಸ್ಪೆನ್ಸರಿ ಅದಕ್ಕೂ ಎಷ್ಟೋ ಮೊದಲೇ ಬೇರೊಂದು ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿತ್ತು. ಮೈಸೂರು ಸಂಸ್ಥಾನದ ಹಳೆಯ ಆಡಳಿತ ವರದಿಯಲ್ಲಿ ಅದರ ಹೆಸರು ಸಿಕ್ಕಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಿದ್ದಿದೆ. ಆದರೆ ಪತ್ರಿಕೆಯಲ್ಲಿ ಅಚ್ಚಾಗಿದ್ದನ್ನು ತಿದ್ದಲು ಆಗಲಿಲ್ಲ. ಶಂಕುಸ್ಥಾಪನೆ, ಉದ್ಘಾಟನೆ, ಮೊದಲ ರೋಗಿಯನ್ನು ನೋಡಿದ ದಿನ, ಮೂರೂ ಬೇರೆ ಬೇರೆ. ಕಲ್ಲಿನ ಮೇಲೆ ಯಾವುದಿದೆ ಅಂತ ಪೂರ್ತಿ ಓದಿ. ಹಳೆಯ ಗೆಜೆಟಿಯರು, ಆಡಳಿತ ವರದಿ ತೆಗೆದು ತಾಳೆ ನೋಡಿ.

ಬಾಣಂತಿಯ ಸಾವಿನ ವಿಷಯಕ್ಕೆ ಬರೋಣ. ಒಂದು ಪುಟದ ಲೇಖನದಲ್ಲಿ ನಾಲ್ಕು ಪ್ಯಾರಾ ಒಂದೇ ದಿನದ ಗಲಾಟೆಗೆ ಹೋದರೆ ತೂಕ ತಪ್ಪಿದೆ. ಹಾಗಂತ ಪೂರ್ತಿ ಅಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಒಂದು ಜೀವ ಹೋಗಿದೆ. ಆಮೇಲೆ ಏನಾಯಿತು ಅಂತ ಹುಡುಕಿ. ತನಿಖೆ ನಡೆಯಿತಾ, ವರದಿ ಏನು ಹೇಳಿತು, ಕೋರ್ಟಿಗೆ ಹೋಯಿತಾ, ಆಸ್ಪತ್ರೆಯಲ್ಲಿ ಏನಾದರೂ ಬದಲಾಯಿತಾ? ರಕ್ತ ಸಂಗ್ರಹ ಕೇಂದ್ರ ಬಂತು, ರಾತ್ರಿ ಪಾಳಿಗೆ ವೈದ್ಯರು ಬಂದರು ಅಂತ ದಾಖಲೆ ಸಿಕ್ಕರೆ ಆ ಘಟನೆ ಆಸ್ಪತ್ರೆಯ ಇತಿಹಾಸದ ಭಾಗವೇ ಆಯಿತು, ಎರಡು ಮೂರು ಸಾಲಿನಲ್ಲಿ ಅದನ್ನು ಇಡಲೇಬೇಕು. ತೀರಿಕೊಂಡವರ ಹೆಸರು, ಮನೆಯವರ ಹೆಸರು ಬೇಡ. ಆರೋಪ ಸಾಬೀತಾಗದ ವೈದ್ಯರ ಹೆಸರೂ ಬೇಡ. ‘ನಿರ್ಲಕ್ಷ್ಯದಿಂದ ಸಾವು’ ಅಂತ ನೀವು ಬರೆಯಬೇಡಿ, ‘ನಿರ್ಲಕ್ಷ್ಯವೆಂದು ಸಂಬಂಧಿಕರು ದೂರಿದರು, ತನಿಖಾ ವರದಿ ಹೀಗೆ ಹೇಳಿತು’ ಅಂತ ಬರೆಯಿರಿ. ಮರುದಿನದ ಪತ್ರಿಕೆ ಬಿಟ್ಟರೆ ಮುಂದೆ ಎಲ್ಲೂ ಏನೂ ಇಲ್ಲವೆಂದಾದರೆ ಆ ಭಾಗ ಬೇಕೇ ಅಂತ ಚರ್ಚೆ ಪುಟದಲ್ಲಿ, ಅಂದರೆ ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಪುಟದಲ್ಲಿ, ಕೇಳಿ.

ಕೇಳಿ ಅಂದೆ, ನೀವೇ ತೆಗೆಯಬೇಡಿ. ನಿಮ್ಮ ತಂದೆ ಅಲ್ಲಿ ಕೆಲಸ ಮಾಡಿದವರು. ಅದನ್ನು ಚರ್ಚೆ ಪುಟದಲ್ಲಿ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ಮಾಡಿದ ಒಳ್ಳೆಯ ತಿದ್ದುಪಡಿಯನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಕೊನೆಗೆ ಅಪ್ಪ ಹೇಳಿದ ಸಂಗತಿಗಳು. ನೀವು ಪತ್ರದ ಜೊತೆ ಕಳಿಸಿದ ಟಿಪ್ಪಣಿ ಓದಿದೆ. ರೋಗಿಗಳು ಮನೆಯಿಂದಲೇ ಖಾಲಿ ಬಾಟಲಿ ತರುತ್ತಿದ್ದದ್ದು, ಅದಕ್ಕೆ ಮಿಕ್ಸ್‌ಚರ್ ತುಂಬಿಸಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಯ ಬದಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದದ್ದು, ಓದು ಬಾರದವರಿಗೂ ಒಂದು ಹೊತ್ತಿಗೆ ಒಂದು ಹಲ್ಲು ಅಂತ ಅಳತೆ ತಿಳಿಯುತ್ತಿದ್ದದ್ದು. ನೀವು ಬರೆದದ್ದರಲ್ಲೆಲ್ಲ ಬೆಲೆಬಾಳುವ ಭಾಗ ಅದೇ. ಆದರೂ ಅದನ್ನು ತೆಗೆದರು, ಯಾಕೆಂದರೆ ಎಲ್ಲೂ ಪ್ರಕಟವಾಗದ ಮಾತನ್ನು ವಿಶ್ವಕೋಶ ಇಟ್ಟುಕೊಳ್ಳುವುದಿಲ್ಲ. ಸುಮ್ನೆ ಬಿಟ್ಟುಬಿಡಬೇಡಿ. ಅಪ್ಪನನ್ನು ಕೂರಿಸಿಕೊಂಡು ಮಾತು ರೆಕಾರ್ಡ್ ಮಾಡಿ, ಜಿಲ್ಲೆಯ ಪತ್ರಿಕೆಗೆ ಲೇಖನ ಕೊಡಿ, ಊರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಬರುತ್ತಿದ್ದರೆ ಅಲ್ಲಿ ಹಾಕಿಸಿ. ಆಮೇಲೆ ಬೇರೊಬ್ಬ ಸಂಪಾದಕರು ಅದನ್ನು ಉಲ್ಲೇಖಿಸಿ ಒಂದು ಸಾಲು ಸೇರಿಸಬಹುದು. ಅಂಥ ಬಾಟಲಿ ಮನೆಯಲ್ಲಿ ಇನ್ನೂ ಇದ್ದರೆ ನೀವೇ ಫೋಟೋ ತೆಗೆದು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅದಕ್ಕೆ ಯಾರ ಅನುಮತಿಯೂ ಬೇಡ. ವಾರ್ಡಿನಲ್ಲಿ ಮಲಗಿದ ರೋಗಿಗಳ ಮುಖ ಕಾಣುವ ಹಳೆಯ ಫೋಟೋ ಮಾತ್ರ ಹಾಕಬೇಡಿ.

ಪ್ರಶ್ನೆ: ಹೊಸನಗರ ಕಡೆಯವನು. ನಮ್ಮ ಆಸ್ಪತ್ರೆಯ ಲೇಖನದಲ್ಲಿ ಮಂಗನ ಕಾಯಿಲೆಯ ಲಕ್ಷಣ, ಚಿಕಿತ್ಸೆ ಎಲ್ಲ ಬರೆದರೆ ಜನರಿಗೆ ಉಪಯೋಗ ಆಗುತ್ತದೆ, ಅಲ್ವಾ?

ಉತ್ತರ: ಉದ್ದೇಶ ಒಳ್ಳೆಯದು, ಜಾಗ ತಪ್ಪು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆಗೆ ಅದರದೇ ಲೇಖನ ಇದೆ. ಉಣುಗು ಕಚ್ಚಿ ಹರಡುವುದು, ಈ ವೈರಸ್ಸಿಗೇ ಅಂತ ಪ್ರತ್ಯೇಕ ಔಷಧ ಇಲ್ಲದಿರುವುದು, ಆಸ್ಪತ್ರೆಯಲ್ಲಿ ಲಕ್ಷಣ ನೋಡಿ ಆರೈಕೆ ಮಾಡುವುದು, ಇವೆಲ್ಲ ಅಲ್ಲಿಗೆ ಸೇರಿದ್ದು. ಒಂದೇ ಮಾತನ್ನು ಹತ್ತು ಆಸ್ಪತ್ರೆಯ ಲೇಖನದಲ್ಲಿ ಬರೆದರೆ, ನಾಳೆ ತಿಳಿವಳಿಕೆ ಬದಲಾದಾಗ ಒಂದು ಕಡೆ ತಿದ್ದಿ ಒಂಬತ್ತು ಕಡೆ ಬಿಟ್ಟುಹೋಗುತ್ತದೆ. ಚಿಕಿತ್ಸೆಯ ಮಾತಿಗೆ ಪತ್ರಿಕೆಯ ಸುದ್ದಿ ಆಧಾರವಾಗಿ ಸಾಲದು. ಹಲವು ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದ ವೈದ್ಯಕೀಯ ಪರಾಮರ್ಶೆ ಲೇಖನ, ಆರೋಗ್ಯ ಸಂಸ್ಥೆಗಳ ಮಾರ್ಗಸೂಚಿ ಬೇಕು.

ಆಸ್ಪತ್ರೆಯ ಲೇಖನದಲ್ಲಿ ಆ ಆಸ್ಪತ್ರೆ ಮಾಡಿದ್ದಷ್ಟೇ ಬರಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಜೋರಾದಾಗ ಬಹಳ ಜನರನ್ನು ಮಣಿಪಾಲಕ್ಕೆ ಕಳಿಸಿದರು. ನಿಮ್ಮ ಆಸ್ಪತ್ರೆ ಆಗ ರಕ್ತದ ಮಾದರಿ ತೆಗೆದು ಕಳಿಸಿತಾ, ವಾರ್ಡ್ ಮೀಸಲಿಟ್ಟಿತಾ? ದಾಖಲೆ ಇದ್ದರೆ ಎರಡು ಸಾಲು ಬರೆದು, ಕಾಯಿಲೆಯ ಲೇಖನಕ್ಕೆ ಕೊಂಡಿ ಹಾಕಿ.

ಪ್ರಶ್ನೆ: ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಪ್ರಶಸ್ತಿ, ಸೌಲಭ್ಯಗಳ ಬಗ್ಗೆ ಲೇಖನ ಹಾಕಿದೆ, ಅಳಿಸಿದರು.

ಉತ್ತರ: ಸಂಬಳ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು, ಇದು ವಿಕಿಪೀಡಿಯದ ಬಳಕೆಯ ಷರತ್ತು. ‘ಅತ್ಯಾಧುನಿಕ’, ‘ನುರಿತ ತಜ್ಞರ ತಂಡ’, ಇವು ಜಾಹೀರಾತಿನ ಮಾತುಗಳು. ನೀವೇ ಕಳಿಸಿದ ಪ್ರಕಟಣೆಯನ್ನು ನಾಲ್ಕು ಪತ್ರಿಕೆ ಅಚ್ಚು ಹಾಕಿದರೂ ಅದು ಒಂದೇ ಬಾಯಿಂದ ಬಂದ ಮಾತು. ಆಸ್ಪತ್ರೆಗೆ ಸಂಬಂಧವಿಲ್ಲದವರು ವಿವರವಾಗಿ ಬರೆದದ್ದು ಸಿಗುವವರೆಗೆ ಕಾಯಿರಿ. ಮುಂದೆ ಲೇಖನ ಬಂದಾಗ ಅದರಲ್ಲಿ ತಪ್ಪು ಕಂಡರೆ ಚರ್ಚೆ ಪುಟದಲ್ಲಿ ದಾಖಲೆ ಸಮೇತ ಬರೆಯಿರಿ. ವಿಕಿಪೀಡಿಯದ ಸಂಪಾದಕರಾದ ನಾವು ಯಾರಾದರೂ ನೋಡಿ ತಿದ್ದುತ್ತೇವೆ.